ಕತ್ತಲಲ್ಲಿ ದಾಟಿಸಿದ ಇರಾಸ: ಗ್ರೀಕರು ಬಂದ ಮೇಲೆ ಲಿಬಿಯನ್ನರ ನೆಲಕ್ಕೆ ಏನಾಯಿತು

ಕ್ರಿ.ಪೂ. 631ರ ಸುಮಾರು. ಇಂದಿನ ಪೂರ್ವ ಲಿಬಿಯಾದ ಕರಾವಳಿಯ ಅಝಿರಿಸ್ ಎಂಬಲ್ಲಿ ಗ್ರೀಕರ ಒಂದು ಸಣ್ಣ ಗುಂಪು ಆರು ವರ್ಷದಿಂದ ಬೀಡುಬಿಟ್ಟಿತ್ತು. ಎರಡು ಕಡೆ ಚೆಂದದ ಕಣಿವೆ, ಒಂದು ಕಡೆ ಹೊಳೆ, ಕೆಟ್ಟ ಜಾಗವೇನಲ್ಲ. ಏಳನೆಯ ವರ್ಷ ಅಲ್ಲಿನ ಲಿಬಿಯನ್ನರು ಬಂದು, ಇದಕ್ಕಿಂತ ಒಳ್ಳೆಯ ನೆಲ ತೋರಿಸುತ್ತೇವೆ, ಏಳಿ ಎಂದು ಎಬ್ಬಿಸಿ ಪಶ್ಚಿಮಕ್ಕೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಇರಾಸ ಎಂಬ ಸೀಮೆ ಸಿಗುತ್ತಿತ್ತು. ಆ ಭಾಗದಲ್ಲೆಲ್ಲ ಅದರಂಥ ನೆಲ ಇನ್ನೊಂದಿರಲಿಲ್ಲ. ಅದು ಗ್ರೀಕರ ಕಣ್ಣಿಗೆ ಬೀಳಬಾರದೆಂದು ಲಿಬಿಯನ್ನರು ನಡಿಗೆಯ ಹೊತ್ತನ್ನು ಲೆಕ್ಕಹಾಕಿ ಇರಾಸವನ್ನು ಕತ್ತಲಲ್ಲೇ ದಾಟಿಸಿಬಿಟ್ಟರು. ಕೊನೆಗೆ ಬೆಟ್ಟದ ಮೇಲಿನ ಒಂದು ಬುಗ್ಗೆಯ ಹತ್ತಿರ ನಿಂತು, ‘ಗ್ರೀಕರೇ, ನೀವು ನೆಲೆಸಲು ತಕ್ಕ ಜಾಗ ಇದು, ಇಲ್ಲಿ ಆಕಾಶಕ್ಕೆ ತೂತು ಬಿದ್ದಿದೆ’ ಎಂದರು.

ಆ ಬುಗ್ಗೆಯ ಬಳಿ ಎದ್ದ ಊರೇ ಸೈರೀನ್. ಸಮುದ್ರದಿಂದ ಸುಮಾರು 15 ಕಿ.ಮೀ. ಒಳಗೆ, 600 ಮೀಟರಿನಷ್ಟು ಎತ್ತರದಲ್ಲಿ, ಜೆಬೆಲ್ ಅಖ್ದರ್ ಅಂದರೆ ‘ಹಸಿರು ಬೆಟ್ಟ’ ಎಂಬ ಪ್ರಸ್ಥಭೂಮಿಯ ಅಂಚಿನಲ್ಲಿದೆ. ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಸಹಾರಾ. ಆದರೆ ಬೆಟ್ಟದ ನೆತ್ತಿಯಲ್ಲಿ ವರ್ಷಕ್ಕೆ 500 ಮಿ.ಮೀ.ಗೂ ಹೆಚ್ಚು ಮಳೆ. ಇಡೀ ಲಿಬಿಯಾದಲ್ಲಿ ಇಷ್ಟು ಮಳೆ ಬೀಳುವ ಜಾಗ ಬೇರೆ ಇಲ್ಲ. ಮಳೆಯ ಬಗ್ಗೆ ಲಿಬಿಯನ್ನರು ಸುಳ್ಳು ಹೇಳಿರಲಿಲ್ಲ. ಇರಾಸದ ಬಗ್ಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ.

ಈ ಪ್ರಸಂಗವನ್ನು ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಅದೂ ಸುಮಾರು ಇನ್ನೂರು ವರ್ಷ ಕಳೆದ ಮೇಲೆ, ಈ ಗುಂಪಿನ ತಾಯೂರಾದ ಥೇರಾ ದ್ವೀಪದ ಮತ್ತು ಸೈರೀನ್‌ನ ಗ್ರೀಕರು ಹೇಳಿದ್ದನ್ನು ಕೇಳಿ. ಲಿಬಿಯನ್ನರು ತಮ್ಮ ಕಡೆಯಿಂದ ಬರೆದದ್ದು ಒಂದು ಸಾಲೂ ನಮಗೆ ಸಿಕ್ಕಿಲ್ಲ. ಹೀಗಿದ್ದೂ, ನೆಲ ದಕ್ಕಿಸಿಕೊಂಡವರೇ ಹೇಳಿಕೊಂಡು ಬಂದ ಕಥೆಯಲ್ಲಿ ‘ಅವರು ನಮ್ಮಿಂದ ಒಳ್ಳೆಯ ಜಾಗವನ್ನು ಮುಚ್ಚಿಟ್ಟರು’ ಎಂಬ ನೆನಪು ಉಳಿದುಕೊಂಡಿದೆ. ಲಿಬಿಯನ್ನರು ಉಪಕಾರಕ್ಕೆ ದಾರಿ ತೋರಿಸಿದರೋ, ಅಝಿರಿಸ್‌ನ ಹೊಳೆಯನ್ನು ಬಿಡಿಸಿಕೊಳ್ಳಲು ಸಾಗಹಾಕಿದರೋ? ಎರಡನೆಯದೇ ಹೆಚ್ಚು ಸರಿ ಎನ್ನಿಸುತ್ತದೆ. ಅಂತೂ ಯಾವ ನೆಲ ಬಿಟ್ಟುಕೊಡಬಹುದು, ಯಾವುದನ್ನು ಕೊಡಬಾರದು ಎಂಬ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು. ಆ ಲೆಕ್ಕ ಎಲ್ಲಿ, ಯಾವಾಗ, ಹೇಗೆ ಕೆಟ್ಟಿತು ಎಂಬುದೇ ಗ್ರೀಕ್ ವಲಸೆಯ ಕಥೆಯಲ್ಲಿ ನೋಡಬೇಕಾದ ಜಾಗ.

‘ವಸಾಹತು’ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಈಸ್ಟ್ ಇಂಡಿಯಾ ಕಂಪನಿ, ಗವರ್ನರ್, ದೂರದ ರಾಜಧಾನಿಗೆ ಹೋಗುವ ಕಂದಾಯ. ಗ್ರೀಕರು ಬಳಸಿದ ಪದ ‘ಅಪೊಯ್ಕಿಯಾ’. ಮನೆಯಿಂದ ದೂರದ ಮನೆ ಎಂಬಂಥ ಅರ್ಥ. ಥೇರಾ ಸೈರೀನನ್ನು ಆಳಲಿಲ್ಲ, ಅಲ್ಲಿಂದ ಕಂದಾಯ ತರಿಸಿಕೊಳ್ಳಲಿಲ್ಲ. ಹೊಸ ಊರು ತಾಯೂರಿನ ದೇವರು, ಹಬ್ಬ, ಭಾಷೆ ಇಟ್ಟುಕೊಂಡು ತಾನೇ ಸ್ವತಂತ್ರ ರಾಜ್ಯವಾಗುತ್ತಿತ್ತು. ಕ್ರಿ.ಪೂ. 8ನೆಯ ಶತಮಾನದಿಂದ 6ನೆಯ ಶತಮಾನದವರೆಗೆ ಸಿಸಿಲಿ, ದಕ್ಷಿಣ ಇಟಲಿ, ಕಪ್ಪು ಸಮುದ್ರ, ಫ್ರಾನ್ಸಿನ ದಕ್ಷಿಣ ಕರಾವಳಿಯವರೆಗೂ ಇಂಥ ಊರುಗಳು ಎದ್ದವು. ಸ್ಥಳೀಯರ ಪಾಡು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಸಿಸಿಲಿಯಲ್ಲಿ ಮೆಗಾರಾದಿಂದ ಬಂದವರಿಗೆ ಸಿಕೆಲ್ ಜನರ ದೊರೆ ಹಿಬ್ಲೋನ್ ತಾನೇ ನೆಲ ಕೊಟ್ಟ. ಅದೇ ದ್ವೀಪದ ಸಿರಾಕ್ಯೂಸ್‌ನಲ್ಲಿ ಕೊರಿಂಥ್‌ನ ಆರ್ಕಿಯಾಸ್ ಮಾಡಿದ ಮೊದಲ ಕೆಲಸವೇ ಸಿಕೆಲರನ್ನು ಒರ್ಟಿಜಿಯಾ ದ್ವೀಪದಿಂದ ಓಡಿಸಿದ್ದು. ಆಮೇಲೆ ಅಲ್ಲಿನ ಭೂಮಾಲೀಕರ ಹೊಲಗಳಲ್ಲಿ ದುಡಿಯಲು ಕಿಲ್ಲಿರಿಯೋಯ್ ಎಂಬ ಜೀತದಾಳುಗಳ ವರ್ಗವೇ ಬೆಳೆಯಿತು. ಸೈರೀನ್ ಈ ಎರಡರಂತೆಯೂ ಶುರುವಾಗಲಿಲ್ಲ. ಅಲ್ಲಿ ತಿರುವು ಬಂದದ್ದು ಹಡಗು ಬಂದ ದಿನವಲ್ಲ, ಎರಡು ತಲೆಮಾರು ಕಳೆದ ಮೇಲೆ, ಹೊಲದ ಹಂಚಿಕೆಯಲ್ಲಿ.

ಬಂದವರು ಯಾಕೆ ಬಂದರು? ಥೇರಾ ಎಂದರೆ ಇಂದು ಪ್ರವಾಸಿಗರು ಮುಗಿಬೀಳುವ ಸ್ಯಾಂಟೊರಿನಿ. ಜ್ವಾಲಾಮುಖಿಯ ಬೂದಿಯ ಮೇಲಿನ ಪುಟ್ಟ ದ್ವೀಪ. ನದಿಯಿಲ್ಲ, ಮಳೆ ಕೈಕೊಟ್ಟರೆ ಬೇರೆ ಗತಿಯಿಲ್ಲ. ಏಳು ವರ್ಷ ಮಳೆ ಬಾರದೆ ದ್ವೀಪದಲ್ಲಿ ಒಂದೇ ಒಂದು ಮರ ಉಳಿಯಿತು ಎಂದು ಹೆರೊಡೋಟಸ್ ಬರೆಯುತ್ತಾನೆ. ಗ್ರೀಸಿನ ಡೆಲ್ಫಿಯ ಅಪೊಲೊ ಗುಡಿಯಲ್ಲಿ ಕಣಿ ಕೇಳಿದರೆ ‘ಲಿಬಿಯಾಕ್ಕೆ ಹೋಗಿ ಊರು ಕಟ್ಟಿ’ ಎಂಬ ಅಪ್ಪಣೆ. ಲಿಬಿಯಾ ಎಲ್ಲಿದೆ ಎಂಬುದೇ ಥೇರಾದವರಿಗೆ ಗೊತ್ತಿರಲಿಲ್ಲ! ಕ್ರೀಟ್ ದ್ವೀಪದ ಇಟಾನೋಸ್‌ನಲ್ಲಿ ಕೊರೋಬಿಯೋಸ್ ಎಂಬ ಒಬ್ಬ ಸಿಕ್ಕ. ನೇರಳೆ ಬಣ್ಣದ ಶಂಖದ ಹುಳು ಹಿಡಿಯುವ ಮೀನುಗಾರ. ಒಮ್ಮೆ ಗಾಳಿಗೆ ಸಿಕ್ಕಿ ಲಿಬಿಯಾದ ಪ್ಲಾಟಿಯಾ ದ್ವೀಪ ಕಂಡು ಬಂದಿದ್ದ. ಅವನಿಗೆ ಕೂಲಿ ಕೊಟ್ಟು ದಾರಿ ತೋರಿಸಿಕೊಂಡರು.

ಹೊರಡುವವರನ್ನು ಆರಿಸಿದ ಬಗೆ ಇನ್ನೂ ಕುತೂಹಲದ್ದು. ದ್ವೀಪದ ಏಳು ಸೀಮೆಗಳಿಂದಲೂ ಅಣ್ಣತಮ್ಮಂದಿರ ನಡುವೆ ಚೀಟಿ ಎತ್ತಿ ಒಬ್ಬನನ್ನು ಆರಿಸಿದರು. ಸೈರೀನ್‌ನಲ್ಲಿ ಸಿಕ್ಕ, ಕ್ರಿ.ಪೂ. 4ನೆಯ ಶತಮಾನದ ಒಂದು ಕಲ್ಲುಶಾಸನದಲ್ಲಿ ‘ಮೂಲ ಸ್ಥಾಪಕರ ಒಪ್ಪಂದ’ ಎಂದು ಕೆಲವು ಕರಾರುಗಳನ್ನು ಕೆತ್ತಿದ್ದಾರೆ. ಆ ಪಾಠ ನಿಜಕ್ಕೂ ಅಷ್ಟು ಹಳೆಯದೋ, ಮುನ್ನೂರು ವರ್ಷದ ಮೇಲೆ ಹೊಸದಾಗಿ ಹೊಸೆದದ್ದೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಕರಾರುಗಳು ಮಾತ್ರ ಖಡಕ್ಕಾಗಿವೆ. ಮನೆಗೊಬ್ಬ ಮಗ ಹೋಗಬೇಕು; ಹೋದವರೆಲ್ಲ ಸಮಾನರು. ಆರಿಸಿದ ಮೇಲೆ ಹಡಗು ಹತ್ತದವನಿಗೆ ಮರಣದಂಡನೆ, ಆಸ್ತಿ ಮುಟ್ಟುಗೋಲು. ಅಂಥವನನ್ನು ಬಚ್ಚಿಟ್ಟವರಿಗೂ ಅದೇ ಶಿಕ್ಷೆ, ಹೆತ್ತ ಅಪ್ಪನಾದರೂ ಸರಿ. ಐದು ವರ್ಷ ಕಷ್ಟಪಟ್ಟೂ ಊರು ನಿಲ್ಲದಿದ್ದರೆ ವಾಪಸು ಬರಬಹುದು. ಮಾತಿಗೆ ತಪ್ಪಿದವರು ಹೀಗೆ ಕರಗಿಹೋಗಲಿ ಎಂದು ಮೇಣದ ಬೊಂಬೆಗಳನ್ನು ಸುಟ್ಟು, ಗಂಡಸರು ಹೆಂಗಸರು ಮಕ್ಕಳೆಲ್ಲ ಸೇರಿ ಶಾಪ ಹಾಕಿದರು. ಇಷ್ಟವಿದ್ದು ಹೊರಟವರಿಗೆ ಇಂಥ ಕಟ್ಟಳೆ ಬೇಕಾಗುವುದಿಲ್ಲ. ಹೋದವರು ಮೊದಲ ಸಲ ಸೋತು ಥೇರಾಕ್ಕೆ ಮರಳಿದಾಗ ದಡಕ್ಕೆ ಬಿಡದೆ ಹೊಡೆದು ಓಡಿಸಿದರು ಎಂದೂ ಹೆರೊಡೋಟಸ್ ಹೇಳುತ್ತಾನೆ.

ಈ ಒಪ್ಪಂದದಲ್ಲಿ ಇನ್ನೊಂದು ಸಾಲಿದೆ. ಊರು ನಿಂತರೆ, ಆಮೇಲೆ ಬರುವ ನಂಟರಿಗೂ ಪೌರತ್ವ ಸಿಗುತ್ತದೆ, ಜೊತೆಗೆ ‘ಒಡೆಯನಿಲ್ಲದ ನೆಲ’ದಲ್ಲಿ ಚೀಟಿ ಎತ್ತಿ ಹಿಸ್ಸೆ. ಲಿಬಿಯಾ ಎಂಬ ನಾಡಿನ ಹೆಸರು ಆ ಕಲ್ಲಿನಲ್ಲಿದೆ. ಅಲ್ಲಿ ಆಗಲೇ ಬದುಕುತ್ತಿದ್ದ ಜನರ ಮಾತೇ ಇಲ್ಲ. ಬೇಲಿಯಿಲ್ಲದ, ಉಳುಮೆಯಾಗದ, ಹೆಸರು ಬರೆಯದ ನೆಲವೆಲ್ಲ ಗ್ರೀಕ್ ರೈತನ ಕಣ್ಣಿಗೆ ಒಡೆಯನಿಲ್ಲದ ನೆಲ. ಕುರಿಗಾಹಿಯ ಕಣ್ಣಿಗೆ ಅದೇ ಗೋಮಾಳ.

ಮೊದಲು ಹೋದದ್ದು ಐವತ್ತು ಹುಟ್ಟಿನ ಎರಡು ಹಡಗು. ಹುಟ್ಟು ಹಾಕುವವರೇ ವಲಸಿಗರು ಎಂದಿಟ್ಟುಕೊಂಡರೆ ನೂರು, ಹೆಚ್ಚೆಂದರೆ ಇನ್ನೂರು ಜನ. ನಾಯಕ ಬಟ್ಟೋಸ್. ಇಂದಿನ ಬೊಂಬಾ ಕೊಲ್ಲಿಯ ಪ್ಲಾಟಿಯಾ ದ್ವೀಪದಲ್ಲಿ ಎರಡು ವರ್ಷ ಕಷ್ಟಪಟ್ಟು, ಎದುರು ದಡದ ಅಝಿರಿಸ್‌ಗೆ ಬಂದು, ಅಲ್ಲಿಂದ ಸೈರೀನ್‌ಗೆ. ಈ ಎಂಟು ವರ್ಷ ಅವರು ಬದುಕಿದ್ದೇ ಲಿಬಿಯನ್ನರ ಸಹನೆಯಿಂದ. ಇನ್ನೂರು ಜನ ಬೀಜ, ನೀರು, ದನಕರು, ದಾರಿ ಯಾವುದನ್ನೂ ಬಲದಿಂದ ಪಡೆಯಲಾಗುವ ಸಂಖ್ಯೆಯಲ್ಲ.

ಹೆಂಗಸರು? ಮನೆಗೊಬ್ಬ ಮಗ ಎಂಬ ಕರಾರಿನಲ್ಲಿ ಮಗಳ ಸುದ್ದಿಯಿಲ್ಲ. ಮೊದಲ ತಲೆಮಾರಿನ ಬಹುಪಾಲು ಹೆಂಡಂದಿರು ಲಿಬಿಯನ್ನರೇ ಇರಬೇಕು. ಸುಳಿವು ಅಡುಗೆಮನೆಯಲ್ಲಿ ಸಿಗುತ್ತದೆ. ಲಿಬಿಯನ್ನರು ಹಸುವಿನ ಮಾಂಸ ತಿನ್ನುತ್ತಿರಲಿಲ್ಲ. ಸೈರೀನ್‌ನ ಗ್ರೀಕ್ ಮನೆಗಳ ಹೆಂಗಸರೂ ಹಸುವಿನ ಮಾಂಸ ತಪ್ಪು ಎಂದು ಬಿಟ್ಟಿದ್ದರು, ಐಸಿಸ್ ದೇವಿಗೆ ಉಪವಾಸ ಹಿಡಿಯುತ್ತಿದ್ದರು. ಪಕ್ಕದ ಬಾರ್ಕಾ ಊರಿನ ಹೆಂಗಸರು ಹಂದಿಯನ್ನೂ ಬಿಟ್ಟಿದ್ದರು. ಇದು ಊರು ಹುಟ್ಟಿ ಇನ್ನೂರು ವರ್ಷದ ಮೇಲಿನ ಮಾತು. ಗಂಡಸರು ಗ್ರೀಕ್ ದೇವರಿಗೆ ಎತ್ತು ಬಲಿ ಕೊಟ್ಟು ತಿನ್ನುತ್ತಿದ್ದ ಮನೆಯಲ್ಲೇ ಅಜ್ಜಿಯಿಂದ ಮೊಮ್ಮಗಳಿಗೆ ಲಿಬಿಯಾದ ಮಡಿ ಇಳಿದು ಬರುತ್ತಿತ್ತು. ‘ಬಟ್ಟೋಸ್’ ಎಂದರೆ ಗ್ರೀಕ್‌ನಲ್ಲಿ ಉಗ್ಗುವವನು ಎಂದು ಊರವರು ಕಥೆ ಕಟ್ಟಿದ್ದರು. ಅದು ಲಿಬಿಯನ್ ಭಾಷೆಯಲ್ಲಿ ದೊರೆ ಎಂಬ ಪದ ಎಂದು ಹೆರೊಡೋಟಸ್ ತಿದ್ದುತ್ತಾನೆ. ಅದು ನಿಜವಾದರೆ ಗ್ರೀಕ್ ರಾಜವಂಶದ ಹೆಸರೇ ಲಿಬಿಯನ್.

ಕೊಡುಕೊಳೆ ಎರಡೂ ಕಡೆಯಿಂದ ಇತ್ತು. ನಾಲ್ಕು ಕುದುರೆಯ ರಥ ಕಟ್ಟುವುದನ್ನು ಗ್ರೀಕರು ಕಲಿತದ್ದು ಲಿಬಿಯನ್ನರಿಂದ ಎಂಬುದು ಹೆರೊಡೋಟಸ್‌ನ ಮಾತು. ಇದು ಇಡೀ ಗ್ರೀಸಿಗೆ ಅನ್ವಯಿಸುತ್ತದೆ ಎಂದು ಒಪ್ಪುವುದು ಕಷ್ಟ, ಆದರೆ ಸೈರೀನ್‌ನ ಕುದುರೆಗಳ ಖ್ಯಾತಿಯಲ್ಲಿ ಸಂಶಯವಿಲ್ಲ. ಕ್ರಿ.ಪೂ. 462ರಲ್ಲಿ ಅದರ ರಾಜ ನಾಲ್ಕನೆಯ ಅರ್ಕೆಸಿಲಾಸ್‌ನ ರಥ ಡೆಲ್ಫಿಯ ಓಟದಲ್ಲಿ ಗೆದ್ದಿತು. ಸೈರೀನ್‌ನ ಬೆನ್ನಿಗಿದ್ದ ಅಸ್ಬಿಸ್ಟಾಯ್ ಎಂಬ ಲಿಬಿಯನ್ ಬುಡಕಟ್ಟು ನಾಲ್ಕು ಕುದುರೆ ರಥಕ್ಕೆ ಹೆಸರಾದದ್ದು. ಸೈರೀನ್‌ನವರ ರೀತಿನೀತಿಗಳನ್ನು ಹೆಚ್ಚು ಅನುಸರಿಸಿದ್ದೂ ಅವರೇ. ಅದೇ ಸಾಲಿನಲ್ಲಿ ಹೆರೊಡೋಟಸ್ ಇನ್ನೊಂದು ಮಾತನ್ನು ಸಲೀಸಾಗಿ ಹೇಳಿ ಮುಂದೆ ಹೋಗುತ್ತಾನೆ: ಅಸ್ಬಿಸ್ಟಾಯ್ ಜನರ ನಾಡು ಸಮುದ್ರ ಮುಟ್ಟುವುದಿಲ್ಲ, ಯಾಕೆಂದರೆ ಕರಾವಳಿ ಸೈರೀನ್‌ನವರದು.

ಈ ಮಾತಿನ ತೂಕ ತಿಳಿಯಬೇಕಾದರೆ ಅಲ್ಲಿನ ಕುರಿಗಾಹಿಯ ವರ್ಷ ಹೇಗೆ ತಿರುಗುತ್ತದೆ ಎಂದು ನೋಡಬೇಕು. ಮಳೆ ಬೀಳುವುದು ಚಳಿಗಾಲದಲ್ಲಿ. ಆಗ ಬೆಟ್ಟದ ದಕ್ಷಿಣದ ಒಣ ಬಯಲು ಸಹ ಹಸಿರಾಗುತ್ತದೆ, ಹಿಂಡು ಅಲ್ಲಿ ಮೇಯುತ್ತದೆ. ಬೇಸಿಗೆಗೆ ಬಯಲು ಸುಟ್ಟುಹೋಗಿ ಹೊಂಡಗಳು ಬತ್ತುತ್ತವೆ. ಹಿಂಡು ಬೆಟ್ಟದ ಬುಗ್ಗೆಗಳಿಗೆ, ಕರಾವಳಿಗೆ ಬರಲೇಬೇಕು. ನಸಮೋನ್ ಎಂಬ ಬುಡಕಟ್ಟು ಬೇಸಿಗೆಯಲ್ಲಿ ಹಿಂಡುಗಳನ್ನು ಸಮುದ್ರದ ಬಳಿ ಬಿಟ್ಟು ಒಳನಾಡಿನ ಔಗಿಲಾ ಓಯಸಿಸ್‌ಗೆ ಖರ್ಜೂರ ಕೊಯ್ಯಲು ಹೋಗುತ್ತಿದ್ದದ್ದು ಇಂಥದೇ ಏರ್ಪಾಟು. (ಔಜಿಲಾ ಎಂಬ ಹೆಸರಿನಲ್ಲಿ ಆ ಓಯಸಿಸ್ ಇಂದಿಗೂ ಇದೆ, ಬರ್ಬರ್ ಕುಟುಂಬದ ಒಂದು ಭಾಷೆಯನ್ನು ಅಲ್ಲಿ ಇನ್ನೂ ಕೆಲವರು ಆಡುತ್ತಾರೆ.) ಹಾಗಾಗಿ ಕುರಿಗಾಹಿಗೆ ವರ್ಷವಿಡೀ ಬೇಡದ ನೆಲ ಬೇಸಿಗೆಯ ಮೂರುನಾಲ್ಕು ತಿಂಗಳು ಪ್ರಾಣದಷ್ಟು ಬೇಕು. ಚಳಿಗಾಲದಲ್ಲಿ ಬಂದು ನೋಡಿದವನಿಗೆ ಅದು ಖಾಲಿಯಾಗಿ ಕಾಣುತ್ತದೆ.

ಗ್ರೀಕರ ಬೇಸಾಯ ಈ ಚಕ್ರದ ಮಧ್ಯಕ್ಕೇ ಬಂದು ಕೂತಿತು. ಸೈರೀನ್‌ನ ಸೀಮೆಯಲ್ಲಿ ಮೂರು ಕೊಯ್ಲು: ಮೊದಲು ಕರಾವಳಿಯ ಪೈರು, ಅದು ಮುಗಿಯುವಷ್ಟರಲ್ಲಿ ಮಧ್ಯದ ಗುಡ್ಡಗಳದು, ಕೊನೆಗೆ ನೆತ್ತಿಯದು. ಮೊದಲ ಕೊಯ್ಲಿನ ಧಾನ್ಯ ತಿಂದು ಮುಗಿಸುವಾಗ ಕೊನೆಯದು ಕಣಕ್ಕೆ ಬರುತ್ತಿತ್ತು. ವರ್ಷದಲ್ಲಿ ಎಂಟು ತಿಂಗಳು ಸುಗ್ಗಿಯೇ. ರೈತನಿಗೆ ಇದು ಭಾಗ್ಯ. ಹಿಂಡು ಹೊಡೆದುಕೊಂಡು ಕೆಳಗಿಳಿಯುವವನಿಗೆ ಎಂಟು ತಿಂಗಳು ಯಾವುದೋ ಒಂದು ಎತ್ತರದಲ್ಲಿ ನಿಂತ ಬೆಳೆ, ಅದನ್ನು ಕಾಯುವ ರೈತ. ಬುಗ್ಗೆಗಳ ಸುತ್ತ ಹೊಲ ಎದ್ದರೆ ನೀರಿನ ದಾರಿಯೂ ಮುಚ್ಚುತ್ತದೆ.

ಆದರೂ ಮೊದಲ ಐವತ್ತಾರು ವರ್ಷ ಇದು ದೊಡ್ಡ ಜಗಳವಾಗಲಿಲ್ಲ. ಮೊದಲನೆಯ ಬಟ್ಟೋಸ್ ನಲವತ್ತು ವರ್ಷ, ಅವನ ಮಗ ಅರ್ಕೆಸಿಲಾಸ್ ಹದಿನಾರು ವರ್ಷ ಆಳಿದರು. ಆ ಅವಧಿಯಲ್ಲಿ ಊರಿನ ಜನಸಂಖ್ಯೆ ಮೊದಲು ಬಂದಷ್ಟೇ ಇತ್ತು ಎನ್ನುತ್ತಾನೆ ಹೆರೊಡೋಟಸ್. ಅಷ್ಟು ಜನರಿಗೆ ಬುಗ್ಗೆಯ ಸುತ್ತಲ ನೆಲ ಸಾಕು, ಉಳಿದದ್ದು ಹಿಂಡುಗಳಿಗೆ. ಕೆಟ್ಟದ್ದು ಮೂರನೆಯ ರಾಜ ಎರಡನೆಯ ಬಟ್ಟೋಸ್‌ನ ಕಾಲದಲ್ಲಿ, ಕ್ರಿ.ಪೂ. 580ರ ಆಸುಪಾಸು. ಸೈರೀನ್‌ನವರು ಎಲ್ಲ ಗ್ರೀಕರಿಗೂ ಡಂಗುರ ಹೊಡೆಸಿದರು: ಬನ್ನಿ, ನೆಲ ಹಂಚುತ್ತೇವೆ. ಡೆಲ್ಫಿಯ ಕಣಿಯೂ ಜೊತೆಗೂಡಿತು: ನೆಲ ಹಂಚಿ ಮುಗಿದ ಮೇಲೆ ಲಿಬಿಯಾಕ್ಕೆ ಹೋದವನು ಒಂದು ದಿನ ಮರುಗುತ್ತಾನೆ. ಸೈಟ್ ಮಾರುವವರು ಇಂದಿಗೂ ಆಡುವುದು ಇದೇ ಮಾತು. ಗ್ರೀಸಿನ ದಕ್ಷಿಣ ಭಾಗವಾದ ಪೆಲೊಪೊನೀಸ್, ಕ್ರೀಟ್, ಈಜಿಯನ್ ದ್ವೀಪಗಳಿಂದ ಜನ ನುಗ್ಗಿದರು. ‘ಒಡೆಯನಿಲ್ಲದ ನೆಲ’ ಹಿಗ್ಗುತ್ತಾ ಹೋಯಿತು.

ಸುತ್ತಲಿನ ಲಿಬಿಯನ್ನರು ಅಪಾರ ನೆಲ ಕಳೆದುಕೊಂಡರು. ಅವರ ದೊರೆ ಅಡಿಕ್ರಾನ್ ಹೋಗಿ ಈಜಿಪ್ಟಿನ ಫೇರೋ ಅಪ್ರಿಯೆಸ್‌ಗೆ ಶರಣಾದ. ತನ್ನ ನಾಡನ್ನೇ ಒಪ್ಪಿಸಿ ನೆರವು ಬೇಡಿದ. ಅಪ್ರಿಯೆಸ್ ದೊಡ್ಡ ಸೈನ್ಯ ಕಳಿಸಿದ. ಕ್ರಿ.ಪೂ. 570ರ ಸುಮಾರಿಗೆ ಎರಡು ಪಡೆಗಳು ಎದುರಾದವು. ಎಲ್ಲಿ? ಥೆಸ್ಟೆ ಎಂಬ ಬುಗ್ಗೆಯ ಬಳಿ, ಇರಾಸದಲ್ಲಿ! ಅರವತ್ತು ವರ್ಷದ ಹಿಂದೆ ಲಿಬಿಯನ್ನರು ಕತ್ತಲಲ್ಲಿ ದಾಟಿಸಿದ್ದ ನೆಲದಲ್ಲೇ ಗ್ರೀಕರು ಈಗ ಹಗಲು ಹೊತ್ತಿನಲ್ಲಿ ಯುದ್ಧಕ್ಕೆ ನಿಂತಿದ್ದರು. ಈಜಿಪ್ಟಿನವರಿಗೆ ಗ್ರೀಕರ ಕಾದಾಟದ ರೀತಿ ಗೊತ್ತಿರಲಿಲ್ಲ, ಹಗುರವಾಗಿ ತೆಗೆದುಕೊಂಡರು; ಮನೆಗೆ ಮರಳಿದವರು ಕೆಲವೇ ಮಂದಿ. ನಮ್ಮನ್ನು ಸಾಯಲೆಂದೇ ಕಳಿಸಿದ ಎಂದು ಈಜಿಪ್ಟಿನ ಸೈನಿಕರು ದಂಗೆಯೆದ್ದು, ಅಪ್ರಿಯೆಸ್‌ನ ಸಿಂಹಾಸನ ಹೋಗಿ ಅಮಾಸಿಸ್ ಫೇರೋ ಆದ. ಅವನು ಸೈರೀನ್ ಜೊತೆ ಸ್ನೇಹ ಮಾಡಿ, ಅಲ್ಲಿನ ಲಾಡಿಕೆ ಎಂಬ ಹೆಣ್ಣನ್ನು ಮದುವೆಯಾದ. ಲಿಬಿಯನ್ನರಿಗೆ ಹೊರಗಿನ ಆಸರೆ ಅಲ್ಲಿಗೆ ಮುಗಿಯಿತು.

ಒಳಗಿನ ಬಿರುಕು ಅವರಿಗೆ ಇನ್ನೊಂದು ದಾರಿ ತೆರೆಯಿತು. ಎರಡನೆಯ ಅರ್ಕೆಸಿಲಾಸ್ ಪಟ್ಟಕ್ಕೆ ಬಂದಾಗ ಅವನ ತಮ್ಮಂದಿರು ಜಗಳವಾಡಿ ಹೊರಬಿದ್ದು ಪಶ್ಚಿಮಕ್ಕೆ ಬಾರ್ಕಾ ಎಂಬ ಹೊಸ ಊರು ಕಟ್ಟಿದರು. ಜೊತೆಗೆ ಲಿಬಿಯನ್ನರನ್ನೂ ಸೈರೀನ್ ವಿರುದ್ಧ ಎಬ್ಬಿಸಿದರು. ಅರ್ಕೆಸಿಲಾಸ್ ಬೆನ್ನಟ್ಟಿಕೊಂಡು ಹೋದ. ಲಿಬಿಯನ್ನರು ಪೂರ್ವಕ್ಕೆ ಸರಿಯುತ್ತಾ ಸರಿಯುತ್ತಾ ಲ್ಯೂಕೋನ್ ಎಂಬಲ್ಲಿ ತಿರುಗಿ ನಿಂತು ಹೊಡೆದರು. ಸತ್ತ ಸೈರೀನ್ ಕಾಲಾಳುಗಳ ಸಂಖ್ಯೆ 7,000 ಎಂದು ಹೆರೊಡೋಟಸ್ ಕೊಡುತ್ತಾನೆ. ಅಂಕಿಯನ್ನು ಅರ್ಧಕ್ಕಿಳಿಸಿದರೂ, ಇನ್ನೂರು ಜನರ ಊರು ಎಷ್ಟು ಬೇಗ ಎಷ್ಟು ಬೆಳೆದಿತ್ತು ಎಂಬುದು ಗೊತ್ತಾಗುತ್ತದೆ. ಭಾರ ಹೊತ್ತ ಕಾಲಾಳುಗಳನ್ನು ನೀರಿಲ್ಲದ ಬಯಲಿಗೆ ಎಳೆದುಕೊಂಡು ಹೋಗಿ ಹೊಡೆಯುವುದು ಆ ನೆಲ ಬಲ್ಲವರ ಯುದ್ಧ.

ಬಾರ್ಕಾದಲ್ಲಿ ಬೆರಕೆ ಇನ್ನೂ ಹೆಚ್ಚು. ಅದರ ಒಬ್ಬ ರಾಜನ ಹೆಸರೇ ಅಲಝೈರ್, ಅಪ್ಪಟ ಲಿಬಿಯನ್ ಹೆಸರು. ಸೈರೀನ್‌ನ ಮೂರನೆಯ ಅರ್ಕೆಸಿಲಾಸ್ ಅವನ ಅಳಿಯ. ಮುಂದೆ ಪರ್ಷಿಯನ್ನರು ಒಂಬತ್ತು ತಿಂಗಳು ಮುತ್ತಿಗೆ ಹಾಕಿ, ಮೋಸದ ಆಣೆ ಮಾಡಿ ಬಾರ್ಕಾವನ್ನು ಹಿಡಿದರು. ಸೆರೆಯಾದವರನ್ನು ದೊರೆ ದಾರಿಯಸ್ ಬ್ಯಾಕ್ಟ್ರಿಯಾದಲ್ಲಿ, ಅಂದರೆ ಇಂದಿನ ಅಫ್ಘಾನಿಸ್ತಾನದ ಕಡೆ ಒಂದು ಹಳ್ಳಿ ಕೊಟ್ಟು ಕೂರಿಸಿದ. ಆ ಹಳ್ಳಿಗೂ ಅವರು ಬಾರ್ಕಾ ಎಂದೇ ಹೆಸರಿಟ್ಟರು. ಇತ್ತ ಪೂರ್ವ ಲಿಬಿಯಾವನ್ನು ಅರಬ್ಬಿ ಮಾತಿನಲ್ಲಿ ಇಂದಿಗೂ ‘ಬರ್ಕಾ’ ಎನ್ನುತ್ತಾರೆ. ಬೆರಕೆ ಊರಿನ ಹೆಸರು ಇಡೀ ಪ್ರಾಂತ್ಯಕ್ಕೆ ನಿಂತಿತು.

ಲ್ಯೂಕೋನ್ ಸೋಲಿನ ಮೇಲೆ ಸೈರೀನ್‌ನವರು ಗ್ರೀಸಿನ ಮಾಂಟಿನಿಯಾ ಊರಿನಿಂದ ಡೆಮೊನಾಕ್ಸ್ ಎಂಬ ಪಂಚಾಯಿತಿದಾರನನ್ನು ಕರೆಸಿದರು. ಅವನು ಜನರನ್ನು ಮೂರು ಪಂಗಡ ಮಾಡಿದ: ಥೇರಾದವರು ಮತ್ತು ‘ಸುತ್ತಲಿನವರು’ ಒಂದು, ಪೆಲೊಪೊನೀಸ್ ಹಾಗೂ ಕ್ರೀಟ್‌ನವರು ಇನ್ನೊಂದು, ದ್ವೀಪದವರೆಲ್ಲ ಮೂರನೆಯದು. ಈ ‘ಸುತ್ತಲಿನವರು’ ಯಾರು? ಹಳೆಯ ಥೇರಾ ಮನೆಗಳಿಗೆ ನಂಟಸ್ತಿಕೆಯಿದ್ದ ಲಿಬಿಯನ್ನರು ಎಂಬುದು ಒಂದು ಓದು, ಹಳ್ಳಿಗಳ ಬಡ ಗ್ರೀಕರು ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಲು ಬಲವಾದ ಕಾರಣವಿದೆ: ಅವರನ್ನು ಸೇರಿಸಿದ್ದು ಹೊಸಬರ ಜೊತೆಗಲ್ಲ, ಲಿಬಿಯನ್ ಹೆಂಡಂದಿರನ್ನು ತಂದುಕೊಂಡ ಮೊದಲಿಗರ ಜೊತೆಗೆ.

ಬೆರಕೆಗೆ ಕಾನೂನಿನ ಮುದ್ರೆ ಬಿದ್ದದ್ದು ತುಂಬಾ ತಡವಾಗಿ. ಅಲೆಕ್ಸಾಂಡರನ ಮರಣಾನಂತರ ಈಜಿಪ್ಟ್ ಹಿಡಿದ ಮೊದಲನೆಯ ಟಾಲೆಮಿ ಕ್ರಿ.ಪೂ. 321ರ ಸುಮಾರಿಗೆ ಸೈರೀನ್‌ಗೆ ಒಂದು ಸಂವಿಧಾನ ಕೊಟ್ಟ. ಅಪ್ಪ ಅಮ್ಮ ಇಬ್ಬರೂ ಸೈರೀನ್‌ನವರಾದರೆ ಮಗ ಪೌರ. ಗೊತ್ತುಮಾಡಿದ ಗಡಿಯೊಳಗಿನ ಲಿಬಿಯನ್ ಹೆಣ್ಣಿಗೆ ಹುಟ್ಟಿದವನೂ ಪೌರ. ಆಳುವ ಹತ್ತು ಸಾವಿರ ಜನರ ಸಭೆಗೆ ಸೇರಲು ಮಾತ್ರ 20 ಮಿನಾ (ಗ್ರೀಕರ ಹಣದ ಒಂದು ಲೆಕ್ಕ) ಬೆಲೆಯ ಆಸ್ತಿ ಬೇಕು. ಅಮ್ಮ ಲಿಬಿಯನ್ ಆಗಬಹುದು. ಅಪ್ಪ ಲಿಬಿಯನ್ ಆದರೆ ಏನು ಎಂಬ ಪ್ರಶ್ನೆಯನ್ನೇ ಆ ಕಾನೂನು ಎತ್ತಿಕೊಂಡಿಲ್ಲ.

ಈ ಟಾಲೆಮಿಯ ಮಲಮಗ ಮಾಗಾಸ್ ಸೈರೀನ್‌ನ ದೊರೆಯಾಗಿ ಈಜಿಪ್ಟಿನ ಮೇಲೆಯೇ ದಂಡೆತ್ತಿ ಹೊರಟಾಗ ಬೆನ್ನ ಹಿಂದೆ ಮರ್ಮರಿಡಾಯ್ ಎಂಬ ಲಿಬಿಯನ್ ಬುಡಕಟ್ಟು ದಂಗೆಯೆದ್ದು ಅವನನ್ನು ಅರ್ಧ ದಾರಿಯಿಂದ ವಾಪಸು ಎಳೆಯಿತು. ಮಾಗಾಸ್ ನಮಗೆ ಅಪರಿಚಿತನಲ್ಲ. ಅಶೋಕನ ಹದಿಮೂರನೆಯ ಬಂಡೆಶಾಸನದಲ್ಲಿ ಧರ್ಮವಿಜಯ ತಲುಪಿದ ಐವರು ಯವನ ರಾಜರ ಪಟ್ಟಿಯಿದೆ. ಅದರಲ್ಲಿನ ‘ಮಕ’ ಇವನೇ. ಬಳ್ಳಾರಿಯ ಗಡಿಯಾಚೆ ಆಂಧ್ರದ ಎರ್ರಗುಡಿಯಲ್ಲಿ ಆ ಶಾಸನದ ಒಂದು ಪ್ರತಿ ಬಂಡೆಯ ಮೇಲಿದೆ.

ಆ ಹೊತ್ತಿಗೆ ಸೈರೀನ್ ಎಂದರೆ ಧಾನ್ಯದ ಕಣಜ. ಕ್ರಿ.ಪೂ. 330ರ ದಶಕದ ಕೊನೆಯಿಂದ ಮುಂದಿನ ಕೆಲವು ವರ್ಷ ಗ್ರೀಸಿಗೆ ಬರ ಬಡಿದಾಗ ಅದು ಯಾರ್‍ಯಾರಿಗೆ ಎಷ್ಟು ಧಾನ್ಯ ಕಳಿಸಿತು ಎಂಬ ಪಟ್ಟಿ ಕಲ್ಲಿನಲ್ಲಿದೆ: ಒಟ್ಟು 8,05,000 ಮೆಡಿಮ್ನೋಸ್, ಅದರಲ್ಲಿ ಆಥೆನ್ಸಿಗೆ 1,00,000. ಆಥೆನ್ಸಿನ ಅಳತೆಯಲ್ಲಿ ಒಂದು ಮೆಡಿಮ್ನೋಸ್ ಗೋಧಿ ಸುಮಾರು 40 ಕಿಲೊ. ಒಟ್ಟು 32,000 ಟನ್ನಿನಷ್ಟಾಯಿತು. ಅಷ್ಟನ್ನು ಬೆಳೆದ ಕೈಗಳ ಹೆಸರು ಕಲ್ಲಿನಲ್ಲಿಲ್ಲ. ರೋಮನ್ನರ ಕೈಗೆ ಹೋದ ಕಾಲದ ಸೈರೀನ್‌ನಲ್ಲಿ ನಾಲ್ಕು ವರ್ಗವಿತ್ತು ಎಂದು ಭೂಗೋಳಕಾರ ಸ್ಟ್ರಾಬೊ ಬರೆದ: ಪೌರರು, ಬೇಸಾಯದವರು, ಹೊರಗಿನಿಂದ ಬಂದು ನೆಲೆಸಿದವರು, ಯಹೂದಿಗಳು. ಪೌರರಲ್ಲದೆಯೂ ಬೇಸಾಯ ಮಾಡುವ ಆ ಎರಡನೆಯ ವರ್ಗ ಹೆಚ್ಚಾಗಿ ಲಿಬಿಯನ್ನರದೇ ಎಂದು ಹಲವರು ಓದುತ್ತಾರೆ. ಮೇಯಿಸಲು ಬರುತ್ತಿದ್ದ ನೆಲಕ್ಕೆ ಈಗ ಉಳಲು ಬರುತ್ತಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಬೆಟ್ಟದ ಮೇಲೆ ಈ ಕಥೆ ಮತ್ತೆ ಆಡಿತು. 1911ರಲ್ಲಿ ಇಟಲಿ ಲಿಬಿಯಾಕ್ಕೆ ನುಗ್ಗಿತು. 1913ರ ಕೊನೆಗೆ ಸೈರೀನ್‌ನ ಅವಶೇಷಗಳಲ್ಲಿ ಇಟಲಿಯ ಸೈನಿಕರಿಗೆ ತಲೆಯಿಲ್ಲದ ವೀನಸ್ ಪ್ರತಿಮೆ ಸಿಕ್ಕಿ, ರೋಮಿಗೆ ಸಾಗಿತು. ನಾವು ಹೊಸಬರಲ್ಲ, ಹಳೆಯ ವಾರಸುದಾರರು ಎಂದು ತೋರಿಸಲು ಗ್ರೀಕ್ ಮತ್ತು ರೋಮನ್ ಕಲ್ಲುಗಳು ಅವರಿಗೆ ಬೇಕಿದ್ದವು. 1930ರಿಂದ 1933ರವರೆಗೆ ಬೆಟ್ಟದ ಸುಮಾರು ಒಂದು ಲಕ್ಷ ಪಶುಪಾಲಕರನ್ನು ಹಿಂಡುಗಳ ಸಮೇತ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದರು. ಸಾವಿರಾರು ಜನ ಅಲ್ಲೇ ಸತ್ತರು. 1938ರಲ್ಲಿ ಇಟಲಿಯಿಂದ ಒಂದೇ ಸಲ ಸುಮಾರು 20,000 ರೈತರನ್ನು ಹಡಗುಗಳಲ್ಲಿ ತಂದರು. ಅವರಲ್ಲಿ ಹಲವರಿಗೆ ಹೊಲ, ಮನೆ ಸಿಕ್ಕಿದ್ದು ಇದೇ ಬೆಟ್ಟದಲ್ಲಿ. ವೀನಸ್ ಲಿಬಿಯಾಕ್ಕೆ ಮರಳಿದ್ದು 2008ರಲ್ಲಿ. ಗ್ರೀಕರು ಬಂದದ್ದು ಕಾಡುಜನರಿಗೆ ನಾಗರಿಕತೆ ಕಲಿಸಲು ಎಂಬ ಹಳೆಯ ಪುಸ್ತಕಗಳ ಧಾಟಿ ಬದಲಾಗಲು ಇಂಥ ಸಾಮ್ರಾಜ್ಯಗಳು ಮುಗಿಯಬೇಕಾಯಿತು.

ಲಿಬಿಯನ್ನರ ಬರಹವಿಲ್ಲದಿದ್ದರೂ ನೆಲದ ಪಾಡಿಗೆ ಸಾಕ್ಷಿಯಾಗಿ ಒಂದು ಗಿಡ ಉಳಿದಿದೆ, ಅಂದರೆ ಅದರ ಸುದ್ದಿ ಉಳಿದಿದೆ. ಸೈರೀನ್ ತನ್ನ ನಾಣ್ಯಗಳ ಮೇಲೆ ಅಚ್ಚೊತ್ತಿದ್ದು ಸಿಲ್ಫಿಯಂ ಎಂಬ ಗಿಡವನ್ನು: ದಪ್ಪ ಬೇರು, ಕೊಡೆಯಂಥ ಹೂಗೊಂಚಲು, ಇಂಗಿನ ಗಿಡದ ನಂಟು. ಅದರ ಹಾಲು ಸಾಂಬಾರವೂ ಹೌದು, ಔಷಧಿಯೂ ಹೌದು. ಸಸ್ಯಶಾಸ್ತ್ರದ ಹಿರಿಯ ಥಿಯೊಫ್ರಾಸ್ಟಸ್ ಕ್ರಿ.ಪೂ. 300ರ ಹೊತ್ತಿಗೆ ಕೊಯ್ಲಿನ ವಿವರ ಕೊಡುತ್ತಾನೆ. ಕಾಂಡದಿಂದ ಒಂದು ಹಾಲು, ಬೇರಿನಿಂದ ಇನ್ನೊಂದು, ಬೇರಿನದೇ ಮೇಲು. ಯಾರು ಎಷ್ಟು ಬೇರು ಕೊಯ್ಯಬೇಕು ಎಂಬುದಕ್ಕೆ ಗಣಿ ಗುತ್ತಿಗೆಯ ಹಾಗೆ ಕಟ್ಟುಪಾಡು. ಅಳತೆ ಮೀರಿ ಕೊಯ್ಯುವಂತಿಲ್ಲ, ಹಿಂದಿನ ಸಲದ ಕೊಯ್ತ ನೋಡಿಕೊಂಡೇ ಹೊಸ ಗಾಯ. ಹಾಲು ಹಾಗೇ ಇಟ್ಟರೆ ಕೊಳೆಯುತ್ತದೆ. ಅದಕ್ಕೆ ಜಾಡಿಗೆ ಹಾಕಿ ಹಿಟ್ಟು ಬೆರೆಸಿ ಬಹಳ ಹೊತ್ತು ಕುಲುಕಬೇಕು. ಆಗ ಬಣ್ಣ ಬರುತ್ತದೆ, ಬಾಳಿಕೆಯೂ ಬರುತ್ತದೆ. ನಮ್ಮ ಇಂಗಿನ ಡಬ್ಬಿಯಲ್ಲೂ ಹಿಟ್ಟು ಬೆರೆತೇ ಇರುತ್ತದೆ ಎಂಬುದನ್ನು ನೆನೆದರೆ ಈ ಕಸುಬು ಅಷ್ಟೇನೂ ದೂರದ್ದಲ್ಲ.

ಥಿಯೊಫ್ರಾಸ್ಟಸ್ ಹೇಳುವ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ. ಸಿಲ್ಫಿಯಂ ಉತ್ತ ನೆಲವನ್ನು ಸಹಿಸುವುದಿಲ್ಲ. ನೆಲ ಹದಮಾಡಿ ಬೇಸಾಯ ಮಾಡುತ್ತಾ ಹೋದಂತೆ ಅದು ಹಿಂದೆ ಹಿಂದೆ ಸರಿಯುತ್ತದೆ. ಬಿತ್ತಿ ಬೆಳೆಯಲು ಯಾರಿಂದಲೂ ಆಗಲಿಲ್ಲ. ಅಂದರೆ ಊರಿಗೆ ಹಣ ತರುವ ಗಿಡ ಬೆಳೆಯುತ್ತಿದ್ದುದು ಊರು ತಿಂದುಹಾಕುತ್ತಿದ್ದ ಗೋಮಾಳದಲ್ಲಿ. ನೇಗಿಲು ಮುಂದೆ ಹೋದಷ್ಟೂ ಗಿಡವೂ ಕುರಿಗಾಹಿಯೂ ಒಂದೇ ದಿಕ್ಕಿಗೆ ಸರಿದರು.

ಅದು ಕಣ್ಮರೆಯಾದದ್ದು ಹೇಗೆ ಎಂಬುದಕ್ಕೆ ಎರಡು ಹೇಳಿಕೆಗಳಿವೆ, ಎರಡೂ ಹೊರಗಿನವರವು. ಲಿಬಿಯಾದ ಅಲೆಮಾರಿಗಳು ಯಾವುದೋ ದ್ವೇಷಕ್ಕೆ ನುಗ್ಗಿ ಬೇರುಗಳನ್ನು ಹಾಳುಮಾಡಿದರು ಎಂದು ಸ್ಟ್ರಾಬೊ. ದ್ವೇಷ ಯಾತರದು ಎಂದು ಅವನು ಬರೆಯುವುದಿಲ್ಲ. ರೋಮನ್ ಲೇಖಕ ಪ್ಲಿನಿಯ ಲೆಕ್ಕ ಬೇರೆ: ಹುಲ್ಲುಗಾವಲನ್ನು ಗುತ್ತಿಗೆ ಹಿಡಿದವರು ಕುರಿ ಮೇಯಿಸುವುದರಲ್ಲೇ ಹೆಚ್ಚು ಲಾಭವೆಂದು ಗಿಡವನ್ನೆಲ್ಲ ಮೇಯಿಸಿಬಿಟ್ಟರು. ತನ್ನ ಕಾಲದಲ್ಲಿ ಸಿಕ್ಕಿದ್ದು ಒಂದೇ ಒಂದು ಗಿಡ, ಅದನ್ನು ಚಕ್ರವರ್ತಿ ನೀರೊಗೆ ಕಳಿಸಿದರು ಎಂದು ಅವನು ಸೇರಿಸುತ್ತಾನೆ. ಆಮೇಲೆ ರೋಮಿನ ಅಡುಗೆಮನೆಗಳು ಪರ್ಷಿಯಾ, ಅರ್ಮೇನಿಯಾ ಕಡೆಯಿಂದ ಬರುವ ಅಗ್ಗದ ಮಾಲಿಗೆ ಒಗ್ಗಿಕೊಂಡವು. ಪ್ಲಿನಿ ಅದನ್ನು ಕೀಳು ದರ್ಜೆಯದೆಂದು ಮೂಗು ಮುರಿದ. ಅದು ಇಂಗು, ಅಥವಾ ಇಂಗಿನ ತೀರ ಹತ್ತಿರದ ನಂಟು.